ಪೇಟೆಂಟ್ ಕಾನೂನು ಮತ್ತು ಬಡವರ ಔಷಧಿ: ಒಂದು ಚಾರಿತ್ರಿಕ ನೋಟ



ಜ್ವರಕ್ಕೋ ರಕ್ತದೊತ್ತಡಕ್ಕೋ ಮನೆಯಲ್ಲಿ ತಂದಿಟ್ಟಿರುವ ಮಾತ್ರೆಯ ಸ್ಟ್ರಿಪ್ ಒಂದನ್ನು ಕೈಗೆತ್ತಿಕೊಂಡು ಅದರ ಹಿಂಬದಿಯನ್ನು ಓದಿ ನೋಡಿ. ಔಷಧಿಯ ಹೆಸರು, ತಯಾರಿಸಿದ ಕಂಪನಿಯ ಹೆಸರು, ಬೆಲೆ ಎಲ್ಲವೂ ಅಲ್ಲಿರುತ್ತವೆ. ಅದೇ ಔಷಧಿಯನ್ನು ಬೇರೆ ಬೇರೆ ಹೆಸರಿನಲ್ಲಿ ಹತ್ತಾರು ಕಂಪನಿಗಳು ತಯಾರಿಸುತ್ತವೆ. ಮೆಡಿಕಲ್ ಸ್ಟೋರಿನವರು "ಆ ಕಂಪನಿಯದು ಮುಗಿದಿದೆ, ಈ ಕಂಪನಿಯದು ಕೊಡಲೇ?" ಎಂದು ಕೇಳುತ್ತಾರೆ. ನಾವು ಬೆಲೆ ನೋಡಿ ಹೂಂ ಎನ್ನುತ್ತೇವೆ. ನಮಗೆ ಇದು ತೀರಾ ಸಾಮಾನ್ಯವಾದ ಸಂಗತಿ. ಆದರೆ ಈ ಅನುಕೂಲ ತಾನಾಗಿಯೇ ಬಂದದ್ದಲ್ಲ. ಅದರ ಹಿಂದೆ ಒಂದು ಕಾನೂನಿದೆ, ಆ ಕಾನೂನಿನ ಹಿಂದೆ ಒಂದು ದೀರ್ಘ ಇತಿಹಾಸವಿದೆ. ಅಲೀಗಢದಲ್ಲಿ ಹುಟ್ಟಿದ ಒಬ್ಬ ರಸಾಯನಶಾಸ್ತ್ರಜ್ಞ ಮತ್ತು ಅವರ ಮಗನಿಗೆ ಆ ಇತಿಹಾಸದಲ್ಲಿ ದೊಡ್ಡ ಸ್ಥಾನವಿದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಕಾಣದ ಈ ವಿಷಯವನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಪೇಟೆಂಟ್ ಎಂದರೇನು?

ಹೊಸ ಯಂತ್ರವನ್ನೋ ಔಷಧಿಯನ್ನೋ ಕಂಡುಹಿಡಿದವನು ಅದರ ಗುಟ್ಟನ್ನು ಸರಕಾರದ ಮುಂದೆ ಬರೆದು ಬಹಿರಂಗಪಡಿಸುತ್ತಾನೆ. ಅದಕ್ಕೆ ಪ್ರತಿಯಾಗಿ ಸರಕಾರವು, ಇಂತಿಷ್ಟು ವರ್ಷ ಅವನ ಅನುಮತಿಯಿಲ್ಲದೆ ಬೇರಾರೂ ಅದನ್ನು ತಯಾರಿಸಬಾರದು, ಮಾರಬಾರದು ಎಂಬ ಹಕ್ಕನ್ನು ಅವನಿಗೆ ಕೊಡುತ್ತದೆ. ಅವಧಿ ಮುಗಿದ ಮೇಲೆ ಆ ಜ್ಞಾನ ಎಲ್ಲರ ಸ್ವತ್ತಾಗುತ್ತದೆ. ಇದೇ ಪೇಟೆಂಟ್. ಪುಸ್ತಕಗಳಿಗೆ ಇರುವ ಕೃತಿಸ್ವಾಮ್ಯ, ವ್ಯಾಪಾರದ ಹೆಸರಿಗೆ ಇರುವ ಟ್ರೇಡ್ ಮಾರ್ಕ್ ಮುಂತಾದವುಗಳ ಜೊತೆ ಸೇರಿಸಿ ಇದನ್ನು ಬೌದ್ಧಿಕ ಆಸ್ತಿ ಎಂದು ಕರೆಯುತ್ತಾರೆ. ಪೇಟೆಂಟ್ ಎಂಬ ಪದದ ಲ್ಯಾಟಿನ್ ಮೂಲಕ್ಕೆ 'ತೆರೆದಿರುವುದು' ಎಂದೇ ಅರ್ಥ.

ಇಟಲಿಯ ವೆನಿಸ್ ನಗರ 1474ರಲ್ಲಿ ಇಂತಹ ಕಾನೂನು ಮಾಡಿತು. ಇಂಗ್ಲೆಂಡ್ 1624ರಲ್ಲಿ ಹೊಸ ಆವಿಷ್ಕಾರಕ್ಕೆ 14 ವರ್ಷಗಳ ಹಕ್ಕು ಕೊಟ್ಟಿತು. ಆ ಕಾಲದಲ್ಲಿ ಒಬ್ಬ ಹುಡುಗ ಉಸ್ತಾದನ ಬಳಿ ಕಸುಬು ಕಲಿಯಲು ಏಳು ವರ್ಷ ಬೇಕಾಗುತ್ತಿತ್ತು. ಎರಡು ಸರದಿಯ ಶಿಷ್ಯರು ತಯಾರಾಗುವಷ್ಟು ಕಾಲ ಉಸ್ತಾದನಿಗೆ ಲಾಭ, ಆಮೇಲೆ ಸಮಾಜಕ್ಕೆ ಲಾಭ ಎಂಬ ಲೆಕ್ಕ ಇದಕ್ಕೆ ಸರಿಹೊಂದುತ್ತದೆ.

ಹೀಗೆ ಪೇಟೆಂಟ್ ಎಂಬುದು ಆವಿಷ್ಕಾರಕನಿಗೂ ಸಮಾಜಕ್ಕೂ ನಡುವಿನ ಕೊಡು-ಕೊಳ್ಳುವ ಒಪ್ಪಂದ. ಯಾವ ವಸ್ತುವಿಗೆ ಹಕ್ಕು ಕೊಡಬೇಕು, ಎಷ್ಟು ವರ್ಷ ಕೊಡಬೇಕು, ವಿದೇಶಿಯರಿಗೆ ಕೊಡಬೇಕೇ ಬೇಡವೇ ಎಂಬುದನ್ನು ಪ್ರತಿಯೊಂದು ದೇಶವೂ ತನ್ನ ಅಗತ್ಯಕ್ಕೆ ತಕ್ಕಂತೆ ನಿರ್ಧರಿಸುತ್ತಾ ಬಂದಿತ್ತು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಿ.

ಶ್ರೀಮಂತ ದೇಶಗಳು ಕಲಿಯುತ್ತಿದ್ದಾಗ

ಇಂದು ಬೌದ್ಧಿಕ ಆಸ್ತಿಯ ರಕ್ಷಣೆಗೆ ಅತ್ಯಂತ ಗಟ್ಟಿಯಾಗಿ ದನಿಯೆತ್ತುವ ದೇಶ ಅಮೆರಿಕ. ಆದರೆ ಆ ದೇಶದ ಕೈಗಾರಿಕೆ ಹೇಗೆ ಆರಂಭವಾಯಿತು? 18ನೇ ಶತಮಾನದಲ್ಲಿ ಬ್ರಿಟನ್ ತನ್ನ ನೂಲುವ ಯಂತ್ರಗಳ ಗುಟ್ಟು ಹೊರಗೆ ಹೋಗದಂತೆ ಕಾವಲಿತ್ತು. ಯಂತ್ರಗಳ ರಫ್ತಿಗೂ ಕುಶಲಕರ್ಮಿಗಳು ದೇಶ ಬಿಟ್ಟು ಹೋಗುವುದಕ್ಕೂ ನಿಷೇಧವಿತ್ತು. 1789ರಲ್ಲಿ ಸ್ಯಾಮ್ಯುಯೆಲ್ ಸ್ಲೇಟರ್ ಎಂಬ ಯುವಕ ಆರ್ಕ್‌ರೈಟನ ಯಂತ್ರಗಳ ರಚನೆಯನ್ನು ತಲೆಯಲ್ಲಿ ತುಂಬಿಕೊಂಡು ಹಡಗು ಹತ್ತಿ ಅಮೆರಿಕ ಸೇರಿದ. 1790ರಲ್ಲಿ ರೋಡ್ ಐಲ್ಯಾಂಡ್ ರಾಜ್ಯದ ಪಾಟಕೆಟ್‌ನಲ್ಲಿ ಅವನ ಯಂತ್ರಗಳು ನೂಲು ತೆಗೆದವು. ಅಮೆರಿಕದವರು ಅವನನ್ನು ತಮ್ಮ ಕೈಗಾರಿಕೆಯ ಪಿತಾಮಹ ಎಂದರು. ಅವನ ಹುಟ್ಟೂರಿನ ಕಡೆಯವರು ದ್ರೋಹಿ ಎಂದರು.

ಅಮೆರಿಕದ 1793ರ ಪೇಟೆಂಟ್ ಕಾನೂನು ಆ ದೇಶದ ನಾಗರಿಕರಿಗೆ ಮಾತ್ರ ಹಕ್ಕು ಕೊಡುತ್ತಿತ್ತು. 1836ರಲ್ಲಿ ವಿದೇಶಿಯರಿಗೂ ಬಾಗಿಲು ತೆರೆಯಿತು. ಆದರೆ ಶುಲ್ಕ ನೋಡಿ: ಅಮೆರಿಕದವರಿಗೆ 30 ಡಾಲರ್, ಇತರ ವಿದೇಶಿಯರಿಗೆ 300 ಡಾಲರ್, ಬ್ರಿಟಿಷರಿಗೆ 500 ಡಾಲರ್! ಪುಸ್ತಕಗಳ ವಿಷಯದಲ್ಲೂ ಹಾಗೆಯೇ. 1790ರಿಂದ 1891ರವರೆಗೆ, ಅಂದರೆ ಒಂದು ಶತಮಾನ ಕಾಲ, ಅಮೆರಿಕದಲ್ಲಿ ವಿದೇಶಿ ಲೇಖಕರ ಪುಸ್ತಕಗಳಿಗೆ ಕೃತಿಸ್ವಾಮ್ಯದ ರಕ್ಷಣೆ ಇರಲಿಲ್ಲ. ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1842ರಲ್ಲಿ ಅಲ್ಲಿ ಪ್ರವಾಸ ಮಾಡಿದಾಗ ಈ ಬಗ್ಗೆ ಬಹಿರಂಗವಾಗಿ ದೂರಿದರು. ಅವರ ಪುಸ್ತಕಗಳು ಅಲ್ಲಿ ಅಗ್ಗದ ಬೆಲೆಗೆ ಮನೆಮನೆ ತಲುಪಿದ್ದವು, ಅವರಿಗೆ ಮಾತ್ರ ಗೌರವಧನ ತಲುಪುತ್ತಿರಲಿಲ್ಲ.

ಯುರೋಪಿನ ಕಥೆಯೂ ಇದಕ್ಕಿಂತ ಬೇರೆಯಲ್ಲ. ಹಾಲೆಂಡ್ 1869ರಲ್ಲಿ ಪೇಟೆಂಟ್ ಕಾನೂನನ್ನೇ ರದ್ದುಪಡಿಸಿತು. 1912ರವರೆಗೂ ಅಲ್ಲಿ ಪೇಟೆಂಟ್ ಇರಲಿಲ್ಲ. ವಿದ್ಯುತ್ ಬಲ್ಬಿನ ಫಿಲಿಪ್ಸ್ ಕಂಪನಿ ಹುಟ್ಟಿದ್ದು ಆ ಅವಧಿಯಲ್ಲೇ, 1891ರಲ್ಲಿ. ಸ್ವಿಟ್ಜರ್ಲೆಂಡಿನಲ್ಲಿ 1888ರವರೆಗೆ ಪರಿಣಾಮಕಾರಿಯಾದ ಪೇಟೆಂಟ್ ಕಾನೂನೇ ಇರಲಿಲ್ಲ. ಆಮೇಲೆ ಬಂದ ಕಾನೂನೂ ರಾಸಾಯನಿಕಗಳನ್ನು ಹೊರಗಿಟ್ಟಿತ್ತು. ಫ್ರಾನ್ಸಿನಲ್ಲಿ ಫುಕ್ಸಿನ್ ಎಂಬ ಕೆಂಬಣ್ಣಕ್ಕೆ ಪೇಟೆಂಟ್ ಇದ್ದಾಗ, ಗಡಿಯಾಚೆಯ ಬಾಸೆಲ್ ನಗರದಲ್ಲಿ ಅಲೆಕ್ಸಾಂಡರ್ ಕ್ಲಾವೆಲ್ 1859ರಲ್ಲಿ ಅದೇ ಬಣ್ಣವನ್ನು ತಯಾರಿಸತೊಡಗಿದ. ಅವನ ಆ ಕಾರ್ಖಾನೆಯೇ ಮುಂದೆ ಸೀಬಾ ಎಂಬ ಹೆಸರಾಂತ ಕಂಪನಿಯಾಯಿತು. ಸೀಬಾ ನಂತರ ಗೈಗಿಯೊಡನೆ ಸೇರಿತು, 1996ರಲ್ಲಿ ಸಾಂಡೋಜ್ ಜೊತೆ ವಿಲೀನವಾಗಿ ನೊವಾರ್ಟಿಸ್ ಎಂಬ ಹೆಸರು ಪಡೆಯಿತು. ಈ ಹೆಸರನ್ನು ಮರೆಯಬೇಡಿ. ಇದು ಮತ್ತೆ ಬರಲಿದೆ.

ಔಷಧಿಯ ವಿಷಯದಲ್ಲಂತೂ ಶ್ರೀಮಂತ ದೇಶಗಳು ಬಹಳ ನಿಧಾನವಾಗಿ ಹೆಜ್ಜೆಯಿಟ್ಟವು. ಔಷಧಿ ಎಂಬ ಪದಾರ್ಥಕ್ಕೇ ಪೇಟೆಂಟ್ ಕೊಡುವ ಪದ್ಧತಿ ಜರ್ಮನಿಗೆ ಬಂದದ್ದು 1968ರಲ್ಲಿ, ಜಪಾನಿಗೆ 1976ರಲ್ಲಿ, ಸ್ವಿಟ್ಜರ್ಲೆಂಡಿಗೆ 1977ರಲ್ಲಿ, ಇಟಲಿಗೆ 1978ರಲ್ಲಿ, ಸ್ಪೇನಿಗೆ 1992ರಲ್ಲಿ. ಆ ದೇಶಗಳು ಮೊದಲು ಕಲಿತವು, ಕೈಗಾರಿಕೆ ಕಟ್ಟಿದವು, ತಮ್ಮದೇ ಆವಿಷ್ಕಾರಗಳು ಬಂದ ಮೇಲೆ ಬೇಲಿ ಹಾಕಿದವು. ಇದನ್ನು ಅವರನ್ನು ಹಳಿಯಲೆಂದು ಹೇಳುತ್ತಿಲ್ಲ. ತಾವು ಹತ್ತಿದ ಏಣಿಯಲ್ಲಿ ಬಡ ದೇಶಗಳು ಕಾಲಿಡುವ ಹೊತ್ತಿಗೆ ಏಣಿಯನ್ನು ಒದೆಯುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಇತಿಹಾಸವೇ ಕೇಳುತ್ತಿದೆ.

ಅಲೀಗಢದಿಂದ ಬರ್ಲಿನ್, ಬರ್ಲಿನ್‌ನಿಂದ ಮುಂಬೈ

ಈಗ ನಮ್ಮ ದೇಶಕ್ಕೆ ಬರೋಣ. ಭಾರತದಲ್ಲಿ ಮೊದಲ ಪೇಟೆಂಟ್ ಕಾನೂನು ಬಂದದ್ದು 1856ರಲ್ಲಿ. ಆಮೇಲೆ 1911ರ ಕಾನೂನು ಜಾರಿಯಾಯಿತು. ಎರಡನ್ನೂ ಮಾಡಿದವರು ಬ್ರಿಟಿಷರು. ಅಮೆರಿಕ, ಸ್ವಿಟ್ಜರ್ಲೆಂಡ್‌ಗಳಿಗೆ ಇದ್ದ ಆಯ್ಕೆ ಗುಲಾಮ ದೇಶಕ್ಕೆ ಇರಲಿಲ್ಲ. ಔಷಧಿಗಳು ಹೆಚ್ಚಾಗಿ ಹಡಗಿನಲ್ಲೇ ಬರಬೇಕಾಗಿತ್ತು.

ಖ್ವಾಜಾ ಅಬ್ದುಲ್ ಹಮೀದ್ ಅವರು 1898ರ ಅಕ್ಟೋಬರ್ 31ರಂದು ಅಲೀಗಢದಲ್ಲಿ ಜನಿಸಿದರು. ವಿದ್ಯಾರ್ಥಿಯಾಗಿದ್ದಾಗಲೇ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟರು. 1920ರಲ್ಲಿ ಅಲೀಗಢದಲ್ಲಿ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಸ್ಥಾಪನೆಯಾದಾಗ, ಮುಂದೆ ರಾಷ್ಟ್ರಪತಿಯಾದ ಡಾ. ಝಾಕಿರ್ ಹುಸೇನ್ ಅವರಂತಹ ಗೆಳೆಯರೊಂದಿಗೆ ಅದರ ಆರಂಭದ ದಿನಗಳಲ್ಲಿ ದುಡಿದರು. ಉನ್ನತ ವ್ಯಾಸಂಗಕ್ಕೆ ಅವರು ಆರಿಸಿಕೊಂಡದ್ದು ರಸಾಯನಶಾಸ್ತ್ರದಲ್ಲಿ ಆ ಕಾಲಕ್ಕೆ ಮುಂಚೂಣಿಯಲ್ಲಿದ್ದ ಜರ್ಮನಿಯನ್ನು. ಬರ್ಲಿನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅಲ್ಲಿಯೇ ಪರಿಚಯವಾದ, ಲಿಥುವೇನಿಯಾ ಮೂಲದ ಯಹೂದಿ ಕುಟುಂಬದ ಲೂಬಾ ಎಂಬುವರನ್ನು ವಿವಾಹವಾದರು.

ಭಾರತಕ್ಕೆ ಮರಳಿದ ಅವರು 1935ರಲ್ಲಿ ಮುಂಬೈಯಲ್ಲಿ ಕೆಮಿಕಲ್, ಇಂಡಸ್ಟ್ರಿಯಲ್ ಅಂಡ್ ಫಾರ್ಮಸ್ಯುಟಿಕಲ್ ಲ್ಯಾಬೊರೇಟರೀಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಆ ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳಿಂದ ಬಂದದ್ದೇ ಸಿಪ್ಲಾ. 1939ರ ಜುಲೈ ತಿಂಗಳಲ್ಲಿ ಮಹಾತ್ಮಾ ಗಾಂಧೀಜಿಯವರು ಈ ಕಾರ್ಖಾನೆಗೆ ಭೇಟಿ ಕೊಟ್ಟರು. ಮಗ ಯೂಸುಫ್ ಹಮೀದ್ 1936ರಲ್ಲಿ ಹುಟ್ಟಿದರು. ಕೇಂಬ್ರಿಜ್‌ನಲ್ಲಿ ನೊಬೆಲ್ ಪುರಸ್ಕೃತ ವಿಜ್ಞಾನಿ ಅಲೆಕ್ಸಾಂಡರ್ ಟಾಡ್ ಅವರ ಕೈಕೆಳಗೆ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮುಗಿಸಿ, 1960ರಲ್ಲಿ ತಂದೆಯ ಸಂಸ್ಥೆ ಸೇರಿದರು.

1970ರ ಕಾನೂನು

ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಪೇಟೆಂಟ್ ಕಾನೂನನ್ನು ಪರಿಶೀಲಿಸಲು ಬಕ್ಷಿ ಟೇಕ್‌ಚಂದ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ನಂತರ 1957ರಲ್ಲಿ ಈ ಹೊಣೆಯನ್ನು ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರಿಗೆ ವಹಿಸಲಾಯಿತು. 1959ರಲ್ಲಿ ಅವರು ಕೊಟ್ಟ ವರದಿ ಕಣ್ಣು ತೆರೆಸುವಂತಹುದು. ಭಾರತದಲ್ಲಿ ನೋಂದಾಯಿತವಾದ ಪೇಟೆಂಟುಗಳಲ್ಲಿ ಶೇಕಡಾ 80ರಿಂದ 90ರಷ್ಟು ವಿದೇಶಿಯರ ಕೈಯಲ್ಲಿದ್ದವು. ಅವುಗಳಲ್ಲಿ ಶೇಕಡಾ 90ಕ್ಕೂ ಹೆಚ್ಚಿನವು ಭಾರತದಲ್ಲಿ ಬಳಕೆಗೇ ಬಂದಿರಲಿಲ್ಲ. ಅಂದರೆ ತಾವೂ ಇಲ್ಲಿ ತಯಾರಿಸುತ್ತಿರಲಿಲ್ಲ, ಇತರರಿಗೂ ತಯಾರಿಸಲು ಬಿಡುತ್ತಿರಲಿಲ್ಲ. ಅದೇ ಸುಮಾರಿಗೆ ಅಮೆರಿಕದ ಸೆನೆಟಿನ ಕಿಫಾವರ್ ಸಮಿತಿಯೂ ಔಷಧಿ ಬೆಲೆಗಳನ್ನು ಪರಿಶೀಲಿಸಿ, ಭಾರತವು ಜಗತ್ತಿನಲ್ಲೇ ಅತಿ ಹೆಚ್ಚು ಬೆಲೆ ತೆರುವ ದೇಶಗಳಲ್ಲೊಂದು ಎಂದು ಹೇಳಿತು. ಬಡವರ ದೇಶದಲ್ಲಿ ಔಷಧಿ ದುಬಾರಿ!

ಕಾನೂನು ಬದಲಾಗಬೇಕೆಂದು ವಾದಿಸಿದ ದೇಶೀ ತಯಾರಕರಲ್ಲಿ ಹಮೀದ್ ತಂದೆ-ಮಗ ಇಬ್ಬರೂ ಪ್ರಮುಖರು. ಕೊನೆಗೆ 1970ರಲ್ಲಿ ಸಂಸತ್ತು ಹೊಸ ಪೇಟೆಂಟ್ ಕಾನೂನನ್ನು ಅಂಗೀಕರಿಸಿತು. ಆಹಾರ ಮತ್ತು ಔಷಧಿಗಳ ವಿಷಯದಲ್ಲಿ ಪದಾರ್ಥಕ್ಕೆ ಪೇಟೆಂಟ್ ಇಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಎಂಬುದು ಅದರ ತಿರುಳು. ಜರ್ಮನಿಯ 1877ರ ಕಾನೂನಿನಲ್ಲಿ ರಾಸಾಯನಿಕಗಳಿಗೆ ಇದ್ದ ನಿಯಮವೂ ಇಂತಹುದೇ ಆಗಿತ್ತು.

ಇದನ್ನು ಅಡುಗೆಮನೆಯ ಉದಾಹರಣೆಯಿಂದ ತಿಳಿಯೋಣ. ಪದಾರ್ಥಕ್ಕೆ ಪೇಟೆಂಟ್ ಎಂದರೆ, ಒಬ್ಬರು ಮೊದಲು ಬಿರಿಯಾನಿ ಮಾಡಿದರೆ ಇಡೀ ಊರಿನಲ್ಲಿ ಬೇರೆ ಯಾರೂ ಯಾವ ರೀತಿಯಲ್ಲೂ ಬಿರಿಯಾನಿ ಮಾಡುವಂತಿಲ್ಲ. ವಿಧಾನಕ್ಕೆ ಪೇಟೆಂಟ್ ಎಂದರೆ, ಅವರ ವಿಧಾನವನ್ನು ನಕಲು ಮಾಡುವಂತಿಲ್ಲ. ನಿಮ್ಮದೇ ಬೇರೆ ವಿಧಾನ ಗೊತ್ತಿದ್ದರೆ ದಮ್ ಕಟ್ಟಬಹುದು. ಔಷಧಿಯ ವಿಧಾನಕ್ಕೆ ಕೊಡುವ ಹಕ್ಕಿನ ಅವಧಿಯನ್ನೂ ಪೇಟೆಂಟ್ ಮುದ್ರೆ ಬಿದ್ದಂದಿನಿಂದ 5 ವರ್ಷ ಅಥವಾ ಅರ್ಜಿ ಹಾಕಿದಂದಿನಿಂದ 7 ವರ್ಷ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ಇಳಿಸಲಾಯಿತು.

ಈ ಕಾನೂನು 1972ರ ಏಪ್ರಿಲ್ 20ರಂದು ಜಾರಿಗೆ ಬಂದಿತು. ಎರಡು ತಿಂಗಳ ನಂತರ, ಜೂನ್ 23ರಂದು, ಖ್ವಾಜಾ ಅಬ್ದುಲ್ ಹಮೀದ್ ಇಹಲೋಕ ತ್ಯಜಿಸಿದರು. ತಾವು ಬಯಸಿದ ಕಾನೂನನ್ನು ಮರ್ಹೂಮರು ಕಣ್ಣಾರೆ ಕಂಡರು, ಅದರ ಫಲವನ್ನು ಕಾಣಲಿಲ್ಲ.

ಕಾನೂನು ಬಾಗಿಲನ್ನು ತೆರೆಯಿತು. ಒಳಗೆ ಹೋಗಲು ಬಲ್ಲವರು ಬೇಕಾಗಿದ್ದರು. ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್, ಹೈದರಾಬಾದ್ ಮತ್ತು ಋಷಿಕೇಶಗಳಲ್ಲಿ ಐ.ಡಿ.ಪಿ.ಎಲ್. ಎಂಬ ಸಾರ್ವಜನಿಕ ಕಾರ್ಖಾನೆಗಳು, ಸಿ.ಎಸ್.ಐ.ಆರ್. ಪ್ರಯೋಗಾಲಯಗಳು ಆ ವೇಳೆಗೆ ಒಂದು ತಲೆಮಾರಿನ ರಸಾಯನಶಾಸ್ತ್ರಜ್ಞರನ್ನು ತಯಾರು ಮಾಡಿದ್ದವು. ಬೆಂಗಳೂರಿನಲ್ಲಿ 1981ರಲ್ಲಿ ಸ್ಥಾಪನೆಯಾದ ಕರ್ನಾಟಕ ಆಂಟಿಬಯೋಟಿಕ್ಸ್ ಕೂಡ ಇದೇ ಪರಂಪರೆಯದು. ವಿದೇಶದಲ್ಲಿ ಪೇಟೆಂಟ್ ಇರುವ ಔಷಧಿಗೆ ಬೇರೆಯೇ ದಾರಿ ಹುಡುಕುವ ವಿದ್ಯೆಯಲ್ಲಿ ನಮ್ಮವರು ಪಳಗಿದರು. 1981ರಲ್ಲಿ ಜಿನೀವಾದ ವಿಶ್ವ ಆರೋಗ್ಯ ಸಮ್ಮೇಳನದಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು, ಸಾವು-ಬದುಕಿನ ವಿಷಯದಲ್ಲಿ ಲಾಭಕೋರತನ ಇರಬಾರದೆಂಬ ಆಶಯವನ್ನು ಜಗತ್ತಿನ ಮುಂದಿಟ್ಟರು.

ಆಫ್ರಿಕಾದ ಸಂಕಟ, ಮುಂಬೈಯ ಉತ್ತರ

ಈ ಇತಿಹಾಸದ ಅತಿ ಮುಖ್ಯ ಅಧ್ಯಾಯ ಇಲ್ಲಿದೆ. 2000ದ ಹೊತ್ತಿಗೆ ಸಹರಾ ಮರುಭೂಮಿಯ ದಕ್ಷಿಣದ ಆಫ್ರಿಕಾದಲ್ಲಿ ಸುಮಾರು ಎರಡೂವರೆ ಕೋಟಿ ಜನರಿಗೆ ಎಚ್‌ಐವಿ ಸೋಂಕಿತ್ತು. ಮೂರು ಔಷಧಿಗಳನ್ನು ಜೊತೆಯಾಗಿ ಕೊಟ್ಟರೆ ರೋಗಿಗಳು ಬದುಕುತ್ತಾರೆಂದು 1996ರ ಸುಮಾರಿಗೇ ತಿಳಿದಿತ್ತು. ಅಮೆರಿಕ, ಯುರೋಪಿನಲ್ಲಿ ಸಾವುಗಳು ಇಳಿದವು. ಆದರೆ ಈ ಚಿಕಿತ್ಸೆಗೆ ಒಬ್ಬ ರೋಗಿಗೆ ವರ್ಷಕ್ಕೆ 10ರಿಂದ 15 ಸಾವಿರ ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು ನಾಲ್ಕೂವರೆಯಿಂದ ಏಳು ಲಕ್ಷ ರೂಪಾಯಿ ಬೇಕಾಗಿತ್ತು. ಮಾತ್ರೆ ಇತ್ತು, ಬಡವನ ಕೈಗೆ ಎಟುಕುತ್ತಿರಲಿಲ್ಲ. ಅಗ್ಗದ ಔಷಧಿ ತರಿಸಲು ಅನುಕೂಲವಾಗುವಂತೆ ನೆಲ್ಸನ್ ಮಂಡೇಲಾ ಸರಕಾರ 1997ರಲ್ಲಿ ಕಾನೂನು ಮಾಡಿತು. ಅದರ ವಿರುದ್ಧ 39 ಔಷಧಿ ಕಂಪನಿಗಳು ನ್ಯಾಯಾಲಯದ ಮೆಟ್ಟಿಲೇರಿದವು.

2000ದ ಸೆಪ್ಟೆಂಬರ್ 28ರಂದು ಬ್ರಸೆಲ್ಸ್‌ನಲ್ಲಿ ಯುರೋಪಿಯನ್ ಆಯೋಗ ಕರೆದ ಸಭೆಯಲ್ಲಿ ಯೂಸುಫ್ ಹಮೀದ್ ಎದ್ದು ನಿಂತರು. ಮೂರು ಔಷಧಿಗಳನ್ನು ವರ್ಷಕ್ಕೆ 800 ಡಾಲರಿಗೆ ಕೊಡುತ್ತೇವೆ. ತಾವೇ ತಯಾರಿಸಲು ಬಯಸುವ ಬಡ ದೇಶಗಳಿಗೆ ತಂತ್ರಜ್ಞಾನವನ್ನು ಉಚಿತವಾಗಿ ಕೊಡುತ್ತೇವೆ. ತಾಯಿಯಿಂದ ಮಗುವಿಗೆ ಸೋಂಕು ಹರಡದಂತೆ ತಡೆಯುವ ನೆವಿರಾಪಿನ್ ಔಷಧಿಯನ್ನು ಪುಕ್ಕಟೆಯಾಗಿ ಕೊಡುತ್ತೇವೆ ಎಂದು ಮೂರು ಕೊಡುಗೆಗಳನ್ನು ಘೋಷಿಸಿದರು. ಮರುವರ್ಷದ ಫೆಬ್ರವರಿಯಲ್ಲಿ ಬೆಲೆಯನ್ನು ಇನ್ನೂ ಇಳಿಸಿ, 'ಗಡಿಗಳಿಲ್ಲದ ವೈದ್ಯರು' ಎಂಬ ಸೇವಾ ಸಂಸ್ಥೆಗೆ ವರ್ಷಕ್ಕೆ 350 ಡಾಲರಿಗೆ ಕೊಡಲು ಒಪ್ಪಿದರು. ಅಂದರೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ. ಈ ಸುದ್ದಿ 2001ರ ಫೆಬ್ರವರಿ 7ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮುಖಪುಟದಲ್ಲಿ ಪ್ರಕಟವಾಗಿ ಜಗತ್ತು ತಿರುಗಿ ನೋಡಿತು.

ಇದು ಸಾಧ್ಯವಾದದ್ದು ಹೇಗೆ? ಸಿಪ್ಲಾ ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಾಪಿನ್ ಎಂಬ ಮೂರೂ ಔಷಧಿಗಳನ್ನು ಟ್ರಯೋಮ್ಯೂನ್ ಎಂಬ ಒಂದೇ ಮಾತ್ರೆಯಲ್ಲಿ ಸೇರಿಸಿತು. ದಿನಕ್ಕೆ ಎರಡು ಮಾತ್ರೆ ಸಾಕಾಯಿತು. ಹೊರದೇಶಗಳಲ್ಲಿ ಈ ಮೂರರ ಪೇಟೆಂಟ್ ಮೂರು ಬೇರೆ ಬೇರೆ ಕಡೆ ಹಂಚಿಹೋಗಿದ್ದುದರಿಂದ ಅಲ್ಲಿ ಅವನ್ನು ಒಂದುಗೂಡಿಸುವುದು ಸುಲಭವಿರಲಿಲ್ಲ. ಭಾರತದಲ್ಲಿ 1970ರ ಕಾನೂನಿನಿಂದಾಗಿ ಆ ಅಡ್ಡಿಯಿರಲಿಲ್ಲ. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕೆಲವರು ಇದನ್ನು ಕಳ್ಳತನ ಎಂದು ಕರೆದರು. ಆದರೆ ಸಿಪ್ಲಾ ಭಾರತದ ಯಾವ ಕಾನೂನನ್ನೂ ಮುರಿಯಲಿಲ್ಲ. ಜನರು ಆರಿಸಿದ ಸಂಸತ್ತು ಮಾಡಿದ ಕಾನೂನಿನ ಒಳಗೇ ಈ ಕೆಲಸ ನಡೆಯಿತು.

ವಿದ್ಯಾರ್ಥಿಗಳೇ, ಈ ಕಥೆಯಲ್ಲಿ ನಿಮ್ಮ ಓರಗೆಯವರೂ ಇದ್ದಾರೆ. ಆ ಮಾತ್ರೆಯಲ್ಲಿದ್ದ ಸ್ಟಾವುಡಿನ್ ಔಷಧಿಯ ಪೇಟೆಂಟ್ ಇದ್ದದ್ದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬಳಿ. ದಕ್ಷಿಣ ಆಫ್ರಿಕಾದಲ್ಲಿ ಅದರ ಹಕ್ಕನ್ನು ಬಿಟ್ಟುಕೊಡಿ ಎಂದು ಅಲ್ಲಿನ ವಿದ್ಯಾರ್ಥಿಗಳು 2001ರಲ್ಲಿ ತಮ್ಮದೇ ವಿಶ್ವವಿದ್ಯಾಲಯವನ್ನು ಒತ್ತಾಯಿಸಿದರು. ಔಷಧಿಯ ಸಂಶೋಧಕರಲ್ಲೊಬ್ಬರಾದ ಪ್ರೊ. ವಿಲಿಯಂ ಪ್ರೂಸಾಫ್ ಅವರೂ ವಿದ್ಯಾರ್ಥಿಗಳ ಪರ ನಿಂತರು. ಮಾರ್ಚ್ ತಿಂಗಳಲ್ಲಿ ವಿಶ್ವವಿದ್ಯಾಲಯವೂ ಅದರಿಂದ ಪರವಾನಗಿ ಪಡೆದ ಕಂಪನಿಯೂ ಒಪ್ಪಿದವು. ಏಪ್ರಿಲ್ 19ರಂದು ಆ 39 ಕಂಪನಿಗಳೂ ಮೊಕದ್ದಮೆಯನ್ನು ಹಿಂದಕ್ಕೆ ಪಡೆದವು.

ನಮ್ಮ ದೇಶದಲ್ಲೂ 2004ರ ಏಪ್ರಿಲ್ 1ರಿಂದ, ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಿದ್ದ ಆರು ರಾಜ್ಯಗಳ ಸರಕಾರಿ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ಉಚಿತವಾಗಿ ದೊರೆಯತೊಡಗಿತು. 2003ರಿಂದ 2008ರವರೆಗೆ ದಾನಿಗಳ ಹಣದಲ್ಲಿ ಬಡ ದೇಶಗಳು ಕೊಂಡ ಎಚ್‌ಐವಿ ಔಷಧಿಗಳಲ್ಲಿ ಶೇಕಡಾ 80ಕ್ಕೂ ಹೆಚ್ಚಿನವು ಭಾರತದಲ್ಲಿ ತಯಾರಾದವು. 2023ರ ಕೊನೆಗೆ ಜಗತ್ತಿನಲ್ಲಿ ಸುಮಾರು 3 ಕೋಟಿ ಜನ ಈ ಚಿಕಿತ್ಸೆ ಪಡೆಯುತ್ತಿದ್ದರು.

ಟ್ರಿಪ್ಸ್ ಒಪ್ಪಂದ ಮತ್ತು ನಂತರದ ದಿನಗಳು

ಅಷ್ಟರಲ್ಲಿ ಜಗತ್ತಿನ ನಿಯಮಗಳು ಬದಲಾಗಿದ್ದವು. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆಯೊಂದಿಗೆ ಟ್ರಿಪ್ಸ್ ಎಂಬ ಒಪ್ಪಂದವೂ ಜಾರಿಯಾಯಿತು. ಸದಸ್ಯ ದೇಶಗಳೆಲ್ಲ ಔಷಧಿಯೂ ಸೇರಿದಂತೆ ಎಲ್ಲ ಬಗೆಯ ಆವಿಷ್ಕಾರಗಳಿಗೆ ಅರ್ಜಿ ಹಾಕಿದಂದಿನಿಂದ 20 ವರ್ಷಗಳ ಪೇಟೆಂಟ್ ಕೊಡಬೇಕೆಂದು ಅದು ವಿಧಿಸಿತು. ಸ್ವಿಟ್ಜರ್ಲೆಂಡ್ ನೂರು ವರ್ಷಗಳಲ್ಲಿ ನಡೆದ ದಾರಿಯನ್ನು ಭಾರತ ಹತ್ತು ವರ್ಷಗಳಲ್ಲಿ ಕ್ರಮಿಸಬೇಕಾಯಿತು. 2005ರಿಂದ ನಮ್ಮಲ್ಲೂ ಔಷಧಿ ಪದಾರ್ಥಗಳಿಗೆ ಪೇಟೆಂಟ್ ಬಂದಿತು. ಅತಿ ಬಡ ದೇಶಗಳಿಗೆ ಮಾತ್ರ ಔಷಧಿಯ ವಿಷಯದಲ್ಲಿ 2033ರವರೆಗೆ ವಿನಾಯಿತಿ ಸಿಕ್ಕಿದೆ.

ಶ್ರೀಮಂತ ದೇಶಗಳಿಗೂ ಆಪತ್ತು ಬಂದಾಗ ಪೇಟೆಂಟ್ ಭಾರವೆನಿಸಿದ್ದುಂಟು. 2001ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಅಂಚೆಯ ಮೂಲಕ ಆಂಥ್ರಾಕ್ಸ್ ರೋಗಾಣು ಹರಡಿದಾಗ, ಅಲ್ಲಿನ ಸರಕಾರವೇ ಬೇಯರ್ ಕಂಪನಿಯ ಸಿಪ್ರೊ ಮಾತ್ರೆಯ ಪೇಟೆಂಟನ್ನು ಬದಿಗಿರಿಸುವುದಾಗಿ ಎಚ್ಚರಿಸಿ ಬೆಲೆ ಇಳಿಸಿಕೊಂಡಿತು. ಮರುತಿಂಗಳೇ ದೋಹಾದಲ್ಲಿ ಸೇರಿದ ವಿಶ್ವ ವ್ಯಾಪಾರ ಸಂಸ್ಥೆಯ ಸಮ್ಮೇಳನ, ಟ್ರಿಪ್ಸ್ ಒಪ್ಪಂದವು ಜನರ ಆರೋಗ್ಯ ರಕ್ಷಣೆಗೆ ಅಡ್ಡಿಯಾಗಬಾರದೆಂದು ಘೋಷಿಸಿತು.

ಈ ಅವಕಾಶವನ್ನು ಭಾರತ ಜಾಣತನದಿಂದ ಬಳಸಿಕೊಂಡಿತು. 2005ರ ತಿದ್ದುಪಡಿಯಲ್ಲಿ ಬಂದ ಕಲಂ 3(ಡಿ) ಹೇಳುವುದೇನೆಂದರೆ, ಗೊತ್ತಿರುವ ಔಷಧಿಯ ರೂಪವನ್ನು ಸ್ವಲ್ಪ ಬದಲಿಸಿದ ಮಾತ್ರಕ್ಕೆ ಹೊಸ ಪೇಟೆಂಟ್ ಇಲ್ಲ. ಅದರ ಪರಿಣಾಮ ಹೆಚ್ಚಿರುವುದನ್ನು ಸಿದ್ಧಪಡಿಸಬೇಕು. ಈ ಕಲಮಿನಡಿ ಗ್ಲೀವೆಕ್ ಎಂಬ ರಕ್ತ ಕ್ಯಾನ್ಸರ್ ಔಷಧಿಗೆ ಪೇಟೆಂಟ್ ನಿರಾಕರಣೆಯಾದಾಗ ಸುಪ್ರೀಂ ಕೋರ್ಟಿನವರೆಗೆ ಹೋದ ಕಂಪನಿ ಯಾವುದು ಗೊತ್ತೇ? ಅದೇ ನೊವಾರ್ಟಿಸ್. ಫ್ರಾನ್ಸಿನ ಬಣ್ಣವನ್ನು ಪೇಟೆಂಟಿಲ್ಲದ ಬಾಸೆಲ್‌ನಲ್ಲಿ ತಯಾರಿಸಿ ಬೆಳೆದ ಸಂಸ್ಥೆಯ ವಾರಸುದಾರ! ತಿಂಗಳಿಗೆ ಸುಮಾರು 1 ಲಕ್ಷ 20 ಸಾವಿರ ರೂಪಾಯಿಯ ಆ ಔಷಧಿಯನ್ನು ಭಾರತೀಯ ಕಂಪನಿಗಳು ಹತ್ತು ಸಾವಿರದ ಆಸುಪಾಸಿನಲ್ಲಿ ಕೊಡುತ್ತಿದ್ದವು. 2013ರ ಏಪ್ರಿಲ್ 1ರಂದು ನ್ಯಾಯಮೂರ್ತಿ ಆಫ್ತಾಬ್ ಆಲಂ ಮತ್ತು ನ್ಯಾಯಮೂರ್ತಿ ರಂಜನಾ ದೇಸಾಯಿ ಅವರ ಪೀಠ ಕಂಪನಿಯ ಮನವಿಯನ್ನು ವಜಾಗೊಳಿಸಿತು.

ಅದಕ್ಕೆ ಮೊದಲು, 2012ರ ಮಾರ್ಚಿನಲ್ಲಿ, ನೆಕ್ಸಾವರ್ ಎಂಬ ಕ್ಯಾನ್ಸರ್ ಔಷಧಿಗೆ ದೇಶದ ಮೊದಲ ಕಡ್ಡಾಯ ಪರವಾನಗಿ ಸಿಕ್ಕಿತು. ಅಂದರೆ ಪೇಟೆಂಟ್ ಉಳ್ಳವರ ಒಪ್ಪಿಗೆ ಇಲ್ಲದಿದ್ದರೂ, ಅವರಿಗೆ ಗೌರವಧನ ಕೊಟ್ಟು ಬೇರೊಬ್ಬರು ತಯಾರಿಸಲು ಸರಕಾರ ಅನುಮತಿ ಕೊಡುವುದು. ತಿಂಗಳಿಗೆ 2 ಲಕ್ಷ 80 ಸಾವಿರ ರೂಪಾಯಿಯ ಔಷಧಿ 8,880 ರೂಪಾಯಿಗೆ ಇಳಿಯಿತು. 2023ರ ಮಾರ್ಚಿನಲ್ಲಿ, ಕ್ಷಯದಿಂದ ಗುಣವಾದ ಇಬ್ಬರು ಮಹಿಳೆಯರು, ಒಬ್ಬರು ಭಾರತದವರು, ಇನ್ನೊಬ್ಬರು ದಕ್ಷಿಣ ಆಫ್ರಿಕಾದವರು, ಸಲ್ಲಿಸಿದ್ದ ಆಕ್ಷೇಪಣೆಯ ಮೇರೆಗೆ ಬೆಡಾಕ್ವಿಲಿನ್ ಔಷಧಿಯ ಪೇಟೆಂಟ್ ಅವಧಿಯನ್ನು ಮುಂದುವರಿಸುವ ಪ್ರಯತ್ನ ನಮ್ಮ ಪೇಟೆಂಟ್ ಕಚೇರಿಯಲ್ಲೇ ವಿಫಲವಾಯಿತು. ಸಾಮಾನ್ಯ ರೋಗಿಗೂ ಆಕ್ಷೇಪಿಸುವ ದಾರಿ ಕಾನೂನಿನಲ್ಲಿದೆ ಎಂಬುದನ್ನು ಇದು ತೋರಿಸುತ್ತದೆ.

ಎಲ್ಲ ಸಲವೂ ಗೆಲುವಾಗಲಿಲ್ಲ. ಕೋವಿಡ್ ಕಾಲದಲ್ಲಿ, 2020ರ ಅಕ್ಟೋಬರಿನಲ್ಲಿ, ಲಸಿಕೆ ಮತ್ತು ಔಷಧಿಗಳ ಮೇಲಿನ ಹಕ್ಕುಗಳನ್ನು ತಾತ್ಕಾಲಿಕವಾಗಿ ಬದಿಗಿಡೋಣ ಎಂದು ಭಾರತ ಮತ್ತು ದಕ್ಷಿಣ ಆಫ್ರಿಕಾ ಪ್ರಸ್ತಾಪಿಸಿದವು. 2022ರ ಜೂನಿನಲ್ಲಿ ಒಂದು ನಿರ್ಧಾರ ಬಂದಿತು. ಅದು ಲಸಿಕೆಗಷ್ಟೇ ಸೀಮಿತವಾಗಿತ್ತು, ಬಹಳ ತಡವಾಗಿಯೂ ಇತ್ತು.

ಆವಿಷ್ಕಾರಕನ ಹಕ್ಕನ್ನು ಮರೆಯದಿರೋಣ

ಇದನ್ನೆಲ್ಲ ಓದಿ ಯಾರದ್ದನ್ನಾದರೂ ನಕಲು ಮಾಡಬಹುದು ಎಂಬ ತೀರ್ಮಾನಕ್ಕೆ ಬರಬೇಡಿ. ಹೊಸ ಔಷಧಿಯ ಹಿಂದೆ ಎಷ್ಟೋ ವರ್ಷಗಳ ದುಡಿಮೆ, ಅಪಾರ ಹಣ, ಹತ್ತಾರು ಸೋಲುಗಳು ಇರುತ್ತವೆ. ಪ್ರತಿಫಲವೇ ಇಲ್ಲದಿದ್ದರೆ ಮುಂದೆ ಸಂಶೋಧಿಸುವವರು ಯಾರು? ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು 1988ರ ಡಿಸೆಂಬರಿನಲ್ಲಿ ಕುವೈತ್ ಅಧಿವೇಶನದಲ್ಲಿ, ಲೇಖಕರ ಮತ್ತು ಆವಿಷ್ಕಾರಕರ ಹಕ್ಕುಗಳು ಶರೀಅತ್ತಿನ ದೃಷ್ಟಿಯಲ್ಲೂ ರಕ್ಷಣೀಯವೆಂದೂ ಅವನ್ನು ಅತಿಕ್ರಮಿಸಬಾರದೆಂದೂ ನಿರ್ಣಯಿಸಿದೆ. ಜನರಿಗೆ ಅಗತ್ಯವಾದ ಸರಕನ್ನು ಬೆಲೆ ಏರಲೆಂದು ಕೂಡಿಡುವ ಇಹ್ತಿಕಾರನ್ನು ನಮ್ಮ ದೀನ್ ಖಂಡಿಸುತ್ತದೆ ಎಂಬುದೂ ನಿಮಗೆ ಗೊತ್ತಿದೆ. ದುಡಿದವನಿಗೆ ಪ್ರತಿಫಲ, ಸಾಯುತ್ತಿರುವವನಿಗೆ ಔಷಧಿ, ಇವೆರಡನ್ನೂ ತೂಗುವ ತಕ್ಕಡಿಯೇ ಒಳ್ಳೆಯ ಕಾನೂನು. ಕಡ್ಡಾಯ ಪರವಾನಗಿಯಲ್ಲಿ ಗೌರವಧನ ಕೊಡುವುದು ಈ ಕಾರಣಕ್ಕಾಗಿಯೇ.

ಹಾಗೆಯೇ ಅಗ್ಗವಾಗಿದ್ದರೆ ಸಾಲದು, ಔಷಧಿ ಶುದ್ಧವೂ ಆಗಿರಬೇಕು. 2022ರಲ್ಲಿ ಗ್ಯಾಂಬಿಯಾ ದೇಶದಲ್ಲಿ ಸುಮಾರು 70 ಮಕ್ಕಳ ಸಾವಿನೊಂದಿಗೆ ಭಾರತದಲ್ಲಿ ತಯಾರಾದ ಕೆಮ್ಮಿನ ಸಿರಪ್‌ನ ಹೆಸರು ಕೇಳಿಬಂದಾಗ ದೇಶವೇ ತಲೆತಗ್ಗಿಸುವಂತಾಯಿತು. ಅರ್ಧ ಶತಮಾನ ಕಷ್ಟಪಟ್ಟು ಗಳಿಸಿದ ವಿಶ್ವಾಸವನ್ನು ಒಂದು ಬಾಟಲಿ ಕಳೆದುಬಿಡಬಲ್ಲದು.

ನಾವು ಕಲಿಯಬೇಕಾದದ್ದು

ಜ್ಞಾನವು ಕೈಯಿಂದ ಕೈಗೆ ಸಾಗಿ ಬೆಳೆದಿದೆ. ಭಾರತದ ಅಂಕಿಗಳನ್ನು ಬಗ್ದಾದಿನ ಅಲ್-ಖ್ವಾರಿಜ್ಮಿ ವಿವರಿಸಿದರು, ಅವರ ಗ್ರಂಥದಿಂದ ಯುರೋಪ್ ಕಲಿಯಿತು. ಇಬ್ನ್ ಸೀನಾರ ವೈದ್ಯಗ್ರಂಥವನ್ನು ಯುರೋಪಿನ ವಿಶ್ವವಿದ್ಯಾಲಯಗಳು ಶತಮಾನಗಳ ಕಾಲ ಬೋಧಿಸಿದವು. ಆದರೆ ಇಂದಿನ ಜಗತ್ತಿನಲ್ಲಿ ಜ್ಞಾನಕ್ಕೆ ದಾಖಲೆ ಬೇಕು. ಗಾಯಕ್ಕೆ ಅರಿಸಿನ ಹಚ್ಚುವುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಆದರೂ 1995ರಲ್ಲಿ ಅಮೆರಿಕ ಅದಕ್ಕೆ ಪೇಟೆಂಟ್ ಕೊಟ್ಟಿತು. ಸಿ.ಎಸ್.ಐ.ಆರ್. ಹಳೆಯ ಗ್ರಂಥಗಳ ಸಾಕ್ಷ್ಯ ಒದಗಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಕಾನೂನು ಬಲ್ಲವರು ಇದ್ದುದರಿಂದ ಅರಿಸಿನ ಉಳಿಯಿತು. ನಮ್ಮ ರಾಜ್ಯದ ಬಿದರಿ ಕಲೆ, ಚನ್ನಪಟ್ಟಣದ ಗೊಂಬೆಗಳಿಗೂ 2006ರ ಹೊತ್ತಿಗೆ ಭೌಗೋಳಿಕ ಸೂಚಕದ ರಕ್ಷಣೆ ದೊರೆಯಿತು. ಈ ಕಸುಬುಗಳಲ್ಲಿ ನಮ್ಮ ಸಮುದಾಯದ ಎಷ್ಟೋ ಕುಟುಂಬಗಳು ತಲೆತಲಾಂತರದಿಂದ ಇವೆ. ತಮ್ಮ ಕೈಯಲ್ಲಿರುವ ಹಕ್ಕೇನೆಂದು ಅವರಿಗೆ ತಿಳಿಸಿಕೊಡುವುದು ಓದಿದವರ ಕರ್ತವ್ಯ.

ವಿದ್ಯಾರ್ಥಿಗಳೇ, ಪಿಯುಸಿ ನಂತರ ಏನು ಓದಬೇಕೆಂಬ ಚಿಂತೆ ಬಂದಾಗ ಡಾಕ್ಟರ್, ಇಂಜಿನಿಯರ್ ಎರಡೇ ದಾರಿ ಎಂದುಕೊಳ್ಳಬೇಡಿ. ವಿಜ್ಞಾನ ಅಥವಾ ಇಂಜಿನಿಯರಿಂಗ್ ಪದವಿ ಪಡೆದ, 21 ವರ್ಷ ತುಂಬಿದ ಭಾರತದ ಯಾವ ನಾಗರಿಕರೂ ಸರಕಾರ ನಡೆಸುವ ಪೇಟೆಂಟ್ ಏಜೆಂಟ್ ಪರೀಕ್ಷೆಗೆ ಕುಳಿತುಕೊಳ್ಳಬಹುದು. ರಸಾಯನಶಾಸ್ತ್ರ, ಫಾರ್ಮಸಿ, ಕಾನೂನು ಓದಿದವರಿಗೆ ಈ ಕ್ಷೇತ್ರದಲ್ಲಿ ಕೆಲಸ ಬಹಳವಿದೆ. ಹೆಣ್ಣುಮಕ್ಕಳಿಗೂ ಇದು ಯೋಗ್ಯವಾದ ವೃತ್ತಿ. ಖ್ವಾಜಾ ಅಬ್ದುಲ್ ಹಮೀದ್ ಅವರು ಹಡಗು ಹತ್ತಿದಾಗ ಅವರ ಬಳಿ ಇದ್ದದ್ದು ರಸಾಯನಶಾಸ್ತ್ರದ ಮೇಲಿನ ಪ್ರೀತಿ ಮತ್ತು ದೇಶದ ಕಾಳಜಿ. ದಶಕಗಳ ನಂತರ ಅವರು ಕಟ್ಟಿದ ಸಂಸ್ಥೆ, ಅವರು ಬಯಸಿದ ಕಾನೂನು, ಅವರು ಓದಿಸಿದ ಮಗ, ಮೂರೂ ಸೇರಿ ತಾವೆಂದೂ ಕಾಣದ ಲಕ್ಷಾಂತರ ಜನರ ಜೀವಕ್ಕೆ ಆಸರೆಯಾದವು. ಒಂದು ಜೀವವನ್ನು ಉಳಿಸುವುದು ಎಷ್ಟು ದೊಡ್ಡ ಪುಣ್ಯವೆಂದು ನಿಮಗೆ ಹೇಳಬೇಕಾಗಿಲ್ಲ.

ಜನರಿಗೆ ಉಪಯೋಗವಾಗುವ ಇಲ್ಮ್ ಅನ್ನು ಅಲ್ಲಾಹನು ನಮ್ಮ ಮಕ್ಕಳಿಗೆ ದಯಪಾಲಿಸಲಿ. ಆಮೀನ್.